ಬರ್ರಿ ಅನ್ನುವ ಬಾಯಿ

ಈಗೀಗ ನಮ್ಮ ಮನೆಯ ಬಾಗಿಲು ಬಡಿದರೆ ನಾನು ಮೊದಲು ಕಿಟಕಿಯಿಂದ ಇಣುಕುತ್ತೇನೆ. ಹಾಲಿನವನಿರಲಿ, ಗ್ಯಾಸಿನವನಿರಲಿ, ಪಕ್ಕದ ಮನೆಯ ಮೆಹಬೂಬಿ ಚಾಚಿ ಒಂದು ಎಸಳು ಕರಿಬೇವಿಗೆ ಬಂದಿರಲಿ, 'ಯಾರ?' ಎಂದು ಕೇಳಿ, ಮುಖ ಕಂಡ ಮೇಲೆಯೇ ಅಗುಳಿ ತೆಗೆಯುವುದು. ಚಾಚಿಗೆ ಇದರಿಂದ ಬೇಸರವಾಗಿದೆ. ಇಪ್ಪತ್ತು ವರ್ಷ ನಡುವೆ ಒಂದೇ ಗೋಡೆ ಇಟ್ಟುಕೊಂಡು ಬಾಳಿದವರು ನಾವು. ಅವರ ಕೈ ಬಾಗಿಲಿಗೆ ತಾಕುವ ಮೊದಲೇ 'ಬರ್ರಿ ಚಾಚಿ' ಎಂದು ಅಡುಗೆಮನೆಯಿಂದಲೇ ಕೂಗುತ್ತಿದ್ದವಳು ನಾನು. 'ಅನಸೂಯಾ, ಊರಾಗ ಏನಾರ ಕಳ್ಳತನ ನಡದಾವೇನವಾ?' ಎಂದು ಮೊನ್ನೆ ಕೇಳಿದರು. ಇಲ್ಲ ಚಾಚಿ, ಒಂದು ಪುಸ್ತಕ ಓದಿದೆ ಎಂದು ಹೇಳಲು ನಾಚಿಕೆಯಾಗಿ ಸುಮ್ಮನೆ ನಕ್ಕೆ.

ನಲವತ್ತೈದು ದಾಟಿದ ಹೆಂಗಸು ಒಂದು ಪ್ರೇಮ ಕಾದಂಬರಿ ಓದಿ ಬಾಗಿಲು ತೆಗೆಯಲು ಹೆದರುತ್ತಾಳೆ ಎಂದರೆ ನೀವೂ ನಗಬಹುದು. ನಗಿ. ಇನ್ನೂ ನಗಬೇಕಾದರೆ ಕೇಳಿ: ಆ ಕಾದಂಬರಿಯ ನಾಯಕ ರಕ್ತ ಕುಡಿಯುವವನು, ನಾನು ಗಂಗಾವತಿಯ ಒಂದು ಸಣ್ಣ ಲ್ಯಾಬಿನಲ್ಲಿ ಬೆಳಗಾದರೆ ಜನರ ರಕ್ತ ತೆಗೆಯುವವಳು. ಓಣಿಯ ಮಕ್ಕಳಿಗೆ ನಾನು ಸೂಜಿ ಆಂಟಿ. ಊಟ ಮಾಡದೆ ಹಟ ಹಿಡಿದ ಮಗುವಿಗೆ ತಾಯಂದಿರು ನನ್ನತ್ತ ಬೆರಳು ಮಾಡಿ ತೋರಿಸುತ್ತಾರೆ. ಊರಾಚೆಯ ರೈತರ ಕ್ಯಾಂಪಿನ ಕಡೆಯಿಂದ ತಿಂಗಳಿಗೊಮ್ಮೆ ಸಕ್ಕರೆ ಪರೀಕ್ಷೆಗೆ ಬರುವ ಮುದುಕರೊಬ್ಬರು ನಳಿಕೆ ತುಂಬುವುದನ್ನು ದುಃಖದಿಂದ ನೋಡಿ, ಇಷ್ಟನ್ನೂ ಪರೀಕ್ಷೆಗೇ ಹಾಕುತ್ತೀಯೋ, ಇಲ್ಲ ಬೇರೆ ಏನಾದರೂ ಮಾಡುತ್ತೀಯೋ ಎಂದು ಪ್ರತಿ ಸಲವೂ ಕೇಳುತ್ತಾರೆ. ಅಂಥವಳಿಗೆ ರಕ್ತದ ಕಥೆಯಿಂದ ಅಂಜಿಕೆ ಹುಟ್ಟಬಾರದು. ರಕ್ತದಿಂದ ಹುಟ್ಟಲೂ ಇಲ್ಲ.

ಪುಸ್ತಕ ಕೊಟ್ಟವಳು ನನ್ನ ಮಗಳು ಚೈತ್ರಾ, ಪಿಯುಸಿ ಎರಡನೆಯ ವರ್ಷದವಳು. ಪಂಚಮಿ ಹಬ್ಬ ಮುಗಿದು ಎರಡು ವಾರವಾಗಿತ್ತು. ಡಬ್ಬಿಯ ತಳದಲ್ಲಿ ಶೇಂಗಾ ಉಂಡಿಯ ಚೂರು ಇನ್ನೂ ಉಳಿದಿತ್ತು. ರವಿವಾರ ಮಧ್ಯಾಹ್ನ ಅಕ್ಕಿ ಆರಿಸುತ್ತ ಕುಳಿತಿದ್ದೆ. ಒಂದು ದಪ್ಪ ಪುಸ್ತಕ ತಂದು ಮೊರದ ಪಕ್ಕ ಇಟ್ಟಳು. ರಟ್ಟು ಕಿತ್ತುಹೋಗಿತ್ತು, ಮೊದಲಿನ ಹಾಳೆಗಳೂ ಇರಲಿಲ್ಲ. ಹೀಗಾಗಿ ಅದರ ಹೆಸರೇನು, ಬರೆದವರು ಯಾರು ಎಂಬುದು ಇವತ್ತಿಗೂ ನನಗೆ ಗೊತ್ತಿಲ್ಲ. 'ಓದು ಮಮ್ಮಿ. ಓದಿ ಹೆಂಗೈತಿ ಹೇಳು,' ಎಂದಳು. ಯಾರದು ಎಂದರೆ ಫ್ರೆಂಡಿನದು ಎಂದಳು. ಹಾಗೆ ಹೇಳುವಾಗ ಉಗುರು ಕಚ್ಚುತ್ತಿದ್ದಳು. ಅದು ಅವಳ ಹುಟ್ಟುಚಟ. ಬೇವಿನೆಣ್ಣೆ ಹಚ್ಚಿದೆ, ಬೈದೆ, ಕೈಮುಗಿದೆ, ಬಿಟ್ಟಿಲ್ಲ.

ಮಗಳು ತಾನಾಗಿ ಪ್ರೇಮ ಕಾದಂಬರಿ ತಂದುಕೊಟ್ಟು ಅಭಿಪ್ರಾಯ ಕೇಳಿದಳೆಂದರೆ ಯಾವ ತಾಯಿಯೂ ಅಕ್ಕಿ ಆರಿಸುತ್ತ ಕೂರುವುದಿಲ್ಲ. ಮೊರ ಪಕ್ಕಕ್ಕಿಟ್ಟು ಅಂದೇ ಓದಲು ಕುಳಿತೆ.

ವರ್ಷಕ್ಕೆ ಒಂದೇ ತಿಂಗಳು ಸೂರ್ಯ ಮೂಡುವ ಯಾವುದೋ ಒಂದು ರಾಜ್ಯ. ಅಲ್ಲಿ ದೀಪಕ್ಕೆ ಬತ್ತಿ ಹೊಸೆದು ಮಾರುವ ಒಬ್ಬ ಹುಡುಗಿ. ಒಂದು ಸಂಜೆ ಅವಳ ಬಾಗಿಲಿಗೆ ಬಂದು ನಿಲ್ಲುವ ಚೆಲುವ. ವಯಸ್ಸು ಮುನ್ನೂರು, ಮುಖ ಇಪ್ಪತ್ತೈದರದು. ಬೆಳ್ಳುಳ್ಳಿ ಅವನಿಗೆ ಆಗದು, ಬಿಸಿಲು ಆಗದು, ಕನ್ನಡಿಯಲ್ಲಿ ಅವನ ಬಿಂಬ ಮೂಡದು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಎಂದರೆ, ಮನೆಯವರು ಬಾಯಿಬಿಟ್ಟು ಒಳಗೆ ಕರೆಯದೆ ಅವನು ಹೊಸ್ತಿಲು ದಾಟುವ ಹಾಗಿಲ್ಲ. ರಕ್ತ ಹೀರುವ ಪಿಶಾಚಿಗಳಿಗೆಲ್ಲ ಇದೇ ನೇಮವಂತೆ. ಕಾಲೇಜಿನ ಹುಡುಗಿಯರಿಗೆಲ್ಲ ಇದು ಬಾಯಿಪಾಠವಂತೆ.

ಓದುತ್ತ ಮೊದಲು ನನಗೆ ನಗುವೇ ಬಂತು. ಪಾಪ, ಈ ಪಿಶಾಚಿ ನಮ್ಮ ಕಡೆ ಬಂದಿದ್ದರೆ ಬೆಳ್ಳುಳ್ಳಿ ಖಾರದ ವಾಸನೆಗೇ ಅರ್ಧ ಜೀವ ಹೋಗುತ್ತಿತ್ತು, ಉಳಿದರ್ಧವನ್ನು ಕೊಪ್ಪಳದ ಏಪ್ರಿಲ್ ಬಿಸಿಲು ನೋಡಿಕೊಳ್ಳುತ್ತಿತ್ತು. ಆದರೆ ಆ ಹೊಸ್ತಿಲಿನ ನೇಮ ಮಾತ್ರ ಇಲ್ಲಿ ಎರಡು ನಿಮಿಷವೂ ನಿಲ್ಲುತ್ತಿರಲಿಲ್ಲ. ನಮ್ಮಲ್ಲಿ ಯಾರನ್ನು ಒಳಗೆ ಕರೆಯುವುದಿಲ್ಲ ಹೇಳಿ? ಕಟ್ಟೆಯ ಮೇಲೆ ತಾಟು ಇಟ್ಟುಕೊಂಡು ಉಣ್ಣುವವರು ದಾರಿಯಲ್ಲಿ ಹೋಗುವ ಅಪರಿಚಿತನಿಗೂ 'ಬರ್ರಿ, ಊಟಾ ಮಾಡೂಣು' ಎನ್ನುತ್ತಾರೆ. ಮೀಟರ್ ನೋಡಲು ಬಂದವನಿಗೆ ಬರ್ರಿ, ದೇಣಿಗೆ ಕೇಳಲು ಬಂದವನಿಗೆ ಬರ್ರಿ, ಜಗಳಕ್ಕೆ ಬಂದವನಿಗೂ ಮೊದಲು ಬರ್ರಿ, ಆಮೇಲೆ ಜಗಳ. ಪಿಶಾಚಿ ಬಂದು ನಿಂತಿದ್ದರೆ ಒಳಗೆ ಕರೆದು, ಚಾಪೆ ಹಾಸಿ, ಯಾವೂರಾತ್ರಿ ಎಂದು ಕೇಳಿ, ಒಂದು ತಂಬಿಗೆ ನೀರು ಕೊಟ್ಟಿರುತ್ತಿದ್ದೆವು. ಆ ಮಾತಿನಲ್ಲಿ ನನ್ನಷ್ಟು ಧಾರಾಳಿ ನಮ್ಮ ಮನೆತನದಲ್ಲೇ ಇಲ್ಲ.

ಪುಟ ನಲವತ್ತೊಂದರಲ್ಲಿ ಬತ್ತಿಯ ಹುಡುಗಿ 'ಬಾ' ಅಂದಳು. ಅಲ್ಲಿಂದ ನನ್ನ ನಗು ಕಡಿಮೆಯಾಯಿತು.

ಕಾದಂಬರಿಯ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಬರೆದವರಿಗೆ ಕೈ ಇದೆ ಎಂದೇ ಹೇಳುತ್ತೇನೆ. ಆ ಚೆಲುವ ಒಂದು ಸಲವೂ ದನಿ ಎತ್ತುವುದಿಲ್ಲ. ಮೊದಲು ಕೇಳುವುದು ಒಂದೇ ಹನಿ, ಅದೂ ಪ್ರೀತಿಗಾಗಿ. ಆಮೇಲೆ ತನಗೆ ಬೆಳಕು ಆಗದೆಂದು ಕಿಟಕಿ ಮುಚ್ಚಿಸುತ್ತಾನೆ. ಸಂತೆಗೆ ಹೋಗುವುದು ಏಕೆ, ನಾನಿಲ್ಲವೇ ಅನ್ನುತ್ತಾನೆ. ಅವಳ ಗೆಳತಿ ಬರುವುದು ನಿಲ್ಲುತ್ತದೆ. ಅವಳು ಬತ್ತಿ ಹೊಸೆಯುವುದು ನಿಲ್ಲುತ್ತದೆ. ದಿನದಿಂದ ದಿನಕ್ಕೆ ಅವಳ ಮುಖಕ್ಕೆ ಬೆಳದಿಂಗಳ ಬಿಳುಪು ಏರಿತು ಎಂದು ಎರಡು ಪುಟ ವರ್ಣನೆಯಿದೆ. ಕಾಲೇಜಿನ ಹುಡುಗಿಯರು ಅಲ್ಲಿ ನಿಟ್ಟುಸಿರು ಬಿಡುತ್ತಾರಂತೆ. ನನಗೆ ಅಲ್ಲಿ ಕಂಡದ್ದು ಹಿಮೋಗ್ಲೋಬಿನ್. ಆ ಎರಡು ಪುಟ ಓದಿದ ಯಾವ ಲ್ಯಾಬಿನವಳೂ ಆ ಹುಡುಗಿಯ ಚೀಟಿಯಲ್ಲಿ ಏಳರ ಮೇಲೆ ಬರೆಯಲಾರಳು. ಕೊನೆಗೆ ಅವಳೂ ಅವನಂತೆಯೇ ಆಗುತ್ತಾಳೆ, ಇಬ್ಬರೂ ಕತ್ತಲೆಯಲ್ಲಿ ಸುಖವಾಗಿರುತ್ತಾರೆ. ಇದನ್ನು ಪ್ರೇಮ ಎಂದು ಕರೆದಿದ್ದಾರೆ.

ಆದರೆ ನಾನು ನಿಜಕ್ಕೂ ಬೆಚ್ಚಿದ್ದು ಮರುದಿನ ಸಂಜೆ. ಕಿಟಕಿಯ ಪಕ್ಕ ಕುಳಿತು ಅದೇ ಪುಟಗಳನ್ನು ಮತ್ತೆ ತಿರುವುತ್ತಿದ್ದೆ. ಇಳಿಬಿಸಿಲು ಹಾಳೆಯ ಮೇಲೆ ಓರೆಯಾಗಿ ಬಿದ್ದಾಗ ಅಂಚಿನಲ್ಲಿ ಏನೋ ಗೆರೆ ಕಂಡಿತು. ಪೆನ್ನಿನದಲ್ಲ, ಪೆನ್ಸಿಲಿನದೂ ಅಲ್ಲ. ಯಾರೋ ಉಗುರಿನಿಂದ ಒತ್ತಿ ಎಳೆದಿದ್ದರು. ನೇರ ಹಿಡಿದರೆ ಕಾಣುತ್ತಿರಲಿಲ್ಲ, ಓರೆ ಹಿಡಿದರೆ ಮಾತ್ರ ಕಾಣುತ್ತಿತ್ತು. 'ಅವನು ಎಂದೂ ಗಟ್ಟಿಯಾಗಿ ಮಾತಾಡಲಿಲ್ಲ, ಅದಕ್ಕೇ ಯಾರಿಗೂ ಏನೂ ಕೇಳಿಸಲಿಲ್ಲ' ಎಂಬ ಸಾಲಿನ ಪಕ್ಕ ಒಂದು ಗೆರೆ. 'ಒಳಗೆ ಕರೆಯುವ ಮಾತು ಗೊತ್ತಿತ್ತು, ಹೊರಗೆ ಕಳಿಸುವ ಮಾತು ಯಾರೂ ಕಲಿಸಿರಲಿಲ್ಲ' ಎಂಬಲ್ಲಿ ಎರಡು ಗೆರೆ. ಇಬ್ಬರೂ ಸುಖವಾಗಿದ್ದರು ಎಂಬ ಕೊನೆಯ ಪುಟದಲ್ಲಿ ಉಗುರು ಎಷ್ಟು ಒತ್ತಿತ್ತೆಂದರೆ ಹಾಳೆ ಹರಿದಿತ್ತು.

ಆ ರಾತ್ರಿ ನನಗೆ ಊಟ ಸೇರಲಿಲ್ಲ. ಚೈತ್ರಾ ಯಾರನ್ನೋ ಹಚ್ಚಿಕೊಂಡಿದ್ದಾಳೆ, ಅವನು ಇವಳನ್ನು ಹಿಂಡುತ್ತಿದ್ದಾನೆ, ಬಾಯಿಬಿಟ್ಟು ಹೇಳಲಾರದೆ ಪುಸ್ತಕ ಕೊಟ್ಟಿದ್ದಾಳೆ. ನನ್ನ ಲೆಕ್ಕ ಇದು. ಒಂದು ವಾರ ನಾನು ಪೊಲೀಸರಿಗಿಂತ ಕಡೆಯಾಗಿ ನಡೆದುಕೊಂಡೆ. ಅವಳು ಸ್ನಾನಕ್ಕೆ ಹೋದಾಗ ಬ್ಯಾಗು ತಡಕಿದೆ. ಫೋನಿನಲ್ಲಿ ಹೊಸ ಹೆಸರು ಹುಡುಕಿದೆ. ಕಣ್ಣಲ್ಲಿ ಕಸ ಬಿದ್ದಿದೆ ಬಾ ಎಂದು ಸುಳ್ಳು ಹೇಳಿ ಕೆಳರೆಪ್ಪೆ ಎಳೆದು ಬಣ್ಣ ನೋಡಿದೆ, ಕೆಂಪಗೇ ಇತ್ತು. ಎಂಟನೆಯ ದಿನ ಅವಳು ಚಹಾದ ಲೋಟ ಹಿಡಿದು ಎದುರಿಗೆ ಕುಳಿತಳು, ಮತ್ತು ನಾನು ಅವಳ ಬೆರಳು ನೋಡಿದೆ. ಕಚ್ಚಿ ಕಚ್ಚಿ ಮಾಂಸದವರೆಗೆ ಇಳಿದ ಬೆರಳುಗಳು. ಹಾಳೆಯ ಮೇಲೆ ಗೆರೆ ಎಳೆಯುವುದಿರಲಿ, ಆ ಕೈಗೆ ಬಾಳೆಹಣ್ಣಿನ ಸಿಪ್ಪೆ ಸುಲಿಯುವಷ್ಟೂ ಉಗುರಿರಲಿಲ್ಲ.

ಉಗುರಿನಿಂದ ಪುಸ್ತಕದಲ್ಲಿ ಗೆರೆ ಎಳೆಯುವವರು ಈ ಭೂಮಿಯ ಮೇಲೆ ನನಗೆ ಗೊತ್ತಿದ್ದದ್ದು ಒಬ್ಬಳೇ.

ನಾನೂ ನನ್ನ ತಂಗಿ ಶೈಲಾಳೂ ಬೆಳೆದದ್ದು ಹನುಮಸಾಗರದ ಅಜ್ಜಿಯ ಮನೆಯಲ್ಲಿ. ಇಬ್ಬರಿಗೆ ಒಂದು ಪೆನ್ಸಿಲು. ದೊಡ್ಡವಳೆಂದು ಅದು ನನ್ನ ಸ್ವತ್ತಾಗಿತ್ತು, ಅವಳಿಗೆ ಮುಟ್ಟಲೂ ಕೊಡುತ್ತಿರಲಿಲ್ಲ. ಬಾಯಿಪಾಠ ಮಾಡಬೇಕಾದ ಸಾಲಿಗೆ ನಾನು ಗೆರೆ ಹೊಡೆದರೆ ಅವಳು ಹೆಬ್ಬೆರಳಿನ ಉಗುರು ಒತ್ತುತ್ತಿದ್ದಳು. 'ನಂದು ಯಾರಿಗೂ ಕಾಣಂಗಿಲ್ಲ' ಎಂದು ಮೆರೆಯುತ್ತಿದ್ದಳು. ಜಗಳಕ್ಕೆ ಬಂದರೆ ಅದೇ ಉಗುರು ನನ್ನ ತೋಳಿಗೆ.

ನಾನು ಮೊದಲಿನಿಂದಲೂ ಪುಕ್ಕಲಿ. ಅಜ್ಜಿ ನಮಗೆ ಎರಡು ಪಾಠ ಹೇಳಿಕೊಟ್ಟಿದ್ದಳು. ಮಟಮಟ ಮಧ್ಯಾಹ್ನ, ಮುಸ್ಸಂಜೆ, ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಒಮ್ಮೆಗೇ ಓ ಎನ್ನಬಾರದು. ದೆವ್ವಕ್ಕೆ ಮೂರು ಸಲ ಕರೆಯಲು ಬರುವುದಿಲ್ಲ, ಮೂರನೆಯ ಕರೆಗೆ ಓ ಅನ್ನು. ನಾನು ಇದನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದೆನೆಂದರೆ ಶಾಲೆಯಲ್ಲಿ ಹಾಜರಿ ಕರೆಯುವಾಗಲೂ ಮೂರನೆಯ ಸಲಕ್ಕೆ ಕಾದು ಪೆಟ್ಟು ತಿಂದಿದ್ದೇನೆ. ನಮ್ಮ ಶೈಲಿ ಮೊದಲ ಕರೆಗೇ, ಕೆಲವೊಮ್ಮೆ ಕರೆಯುವ ಮೊದಲೇ, 'ಓ, ಬಂದೆ' ಎಂದು ಓಡುತ್ತಿದ್ದಳು. ದೆವ್ವ ಬಂದರೆ ಬರಲಿ, ಮುಖ ಹೆಂಗಿರತೈತಿ ನೋಡೂಣು ಎನ್ನುವಳು. ಇನ್ನೊಂದು ಪಾಠ, ಮನೆಯಿಂದ ಹೊರಡುವಾಗ 'ಹೋಗ್ತೀನಿ' ಎನ್ನಬಾರದು, 'ಬರ್ತೀನಿ' ಎನ್ನಬೇಕು. ಹೋಗ್ತೀನಿ ಎಂದು ಹೊರಟವರು ತಿರುಗಿ ಆ ಹೊಸ್ತಿಲು ತುಳಿಯುವುದಿಲ್ಲವಂತೆ. ಒಮ್ಮೆ ಶೈಲಿ ಶಾಲೆಗೆ ಹೊರಟಾಗ ಮರೆತು ಹೋಗ್ತೀನಿ ಎಂದಳು. ಅಜ್ಜಿ ಓಡಿಬಂದು ಬಾಯಿ ಮೇಲೆ ಎರಡು ಬೆರಳಿನಿಂದ ಬಡಿದು, ಒಳಗೆ ಕರೆದುಕೊಂಡು ಹೋಗಿ ಕೂಡಿಸಿ, ನೀರು ಕುಡಿಸಿ, ಬರ್ತೀನಿ ಎನ್ನಿಸಿ ಕಳಿಸಿದಳು.

ಚಹಾದ ಲೋಟ ಕೆಳಗಿಟ್ಟು ಮಗಳನ್ನು ಕೇಳಿದೆ, ಪುಸ್ತಕ ಶೈಲಾಳದೇನು ಎಂದು. ಚೈತ್ರಾ ತಲೆ ತಗ್ಗಿಸಿದಳು. ಪಂಚಮಿಗೆ ಬಂದಾಗ ಚಿಗವ್ವ ಸೀರೆಯ ಮಡಿಕೆಯಲ್ಲಿ ತಂದು ಕೊಟ್ಟಳಂತೆ. ಅವಳ ಗಂಡನ ಮನೆಯ ಪಕ್ಕದ ಹುಡುಗಿ ಕಿಟಕಿಯ ಸರಳಿನ ಸಂದಿನಿಂದ ಓದಲು ಕೊಟ್ಟದ್ದಂತೆ, ಮನೆಯಲ್ಲಿ ಇಡುವಂತಿಲ್ಲವಂತೆ.

'ಯಾರಿಗೂ ಹೇಳಬ್ಯಾಡ ಅಂದಿದ್ಲು ಚಿಗವ್ವ,' ಎಂದಳು. 'ಅದಕ್ಕ ಹೇಳಲಿಲ್ಲ. ಓದಾಕ ಕೊಡಬ್ಯಾಡ ಅಂದಿರಲಿಲ್ಲ.'

ಹದಿನೇಳು ವರ್ಷದ ಹುಡುಗಿಗೆ ಕಂಡದ್ದು ನನಗೆ ಕಂಡಿರಲಿಲ್ಲ. ಅಥವಾ ಕಂಡಿತ್ತು, ನೇರ ಹಿಡಿದು ನೋಡಿದ್ದೆ.

ಇಲ್ಲಿ ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಆರು ವರ್ಷದ ಹಿಂದೆ ಶೈಲಾಳನ್ನು ನೋಡಲು ಯಲಬುರ್ಗಾದಿಂದ ವರನ ಕಡೆಯವರು ಬಂದಿದ್ದರು. ವರ ಪ್ರಭುರಾಜ, ಬಟ್ಟೆ ಅಂಗಡಿ ಇಟ್ಟವರು, ಎತ್ತರದ ಆಳು, ಮಾತಿಗೊಂದು 'ರಿ'. ಹಿಂದಿನ ದಿನ ಶೈಲಿ ನನ್ನ ಹತ್ತಿರ ಬಂದು, ಅವರ ಅಂಗಡಿಗೆ ಒಮ್ಮೆ ಹೋಗಿದ್ದೆ, ಅವರ ನಗು ಕಣ್ಣಿನತನಕ ಹೋಗುವುದಿಲ್ಲ, ನನಗೆ ಬೇಡ ಎಂದಿದ್ದಳು. ವಯಸ್ಸು ಮೂವತ್ತೈದಾಗುತ್ತ ಬಂತು, ಇನ್ನೂ ಕಣ್ಣು ಮೂಗು ನೋಡುತ್ತ ಕೂರುತ್ತೀಯಾ ಎಂದು ನಾನೇ ಬೈದೆ. ಅವ್ವ ಆಗಲೇ ಹಾಸಿಗೆ ಹಿಡಿದಿದ್ದಳು. ಅವರು ಬಂದು ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಂತರು. ಯಾರಾದರೂ ಕರೆಯಲಿ ಎಂದು ಸೌಜನ್ಯದಿಂದ ನಿಂತರು. ಶೈಲಿ ಒಳಗಿನ ಕೋಣೆಯಿಂದ ನನ್ನನ್ನೇ ನೋಡುತ್ತಿದ್ದಳು. ನಾನು ಹೋಗಿ ಎರಡೂ ಕದ ತೆರೆದು, 'ಬರ್ರಿ, ಬರ್ರಿ, ಒಳಗ ಬರ್ರಿ' ಎಂದೆ.

ಅವ್ವ ಹೋದ ಮೇಲೆ ತಂಗಿಗೆ ನನ್ನ ಮನೆಯೇ ತವರು. ಈ ಪಂಚಮಿಗೆ ಬೆಳಗ್ಗೆ ಬಂದಳು. ಜೋಕಾಲಿಯ ಮೇಲೆ ಕುಳಿತಳು, ಜೀಕಲಿಲ್ಲ. ಚಹಾ ಕೊಟ್ಟರೆ ಕುಡಿಯುವ ಮೊದಲು ಗಂಡನ ಮುಖ ನೋಡಿದಳು. ಉಂಡಿ ಕೊಟ್ಟರೆ ಅವರೇ ನಕ್ಕು, ಬ್ಯಾಡ್ರಿ ಅಕ್ಕಾರ, ಆಕಿಗೆ ಮೈ ಬರಾಕತ್ತೈತಿ ಎಂದರು. ಸಂಜೆ ಅಡುಗೆಮನೆಯಲ್ಲಿ ನನ್ನ ಸೆರಗು ಹಿಡಿದು, 'ಅಕ್ಕಾ, ನಾಕ ದಿನ ಇಲ್ಲೇ ಇರ್ಲೇನ?' ಎಂದಳು. ನಾನು ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ಹಾಕುತ್ತ, ಅವರು ಕರೆದುಕೊಂಡು ಹೋಗಲು ಕಾಯುತ್ತಿದ್ದಾರಲ್ಲ, ಹೋಗು, ದಸರೆಗೆ ಬರುವೆಯಂತೆ ಎಂದೆ. ಮತ್ತು ಬಾಗಿಲವರೆಗೆ ಹೋಗಿ ನಗುನಗುತ್ತ ಕಳಿಸಿಕೊಟ್ಟೆ.

ಮುಂದಿನ ರವಿವಾರ ಯಲಬುರ್ಗಾಕ್ಕೆ ಹೊರಟೆ. ಆ ಮನೆಗೆ ಇರುವುದು ಒಂದೇ ಫೋನು, ಅದು ಪ್ರಭುರಾಜ ಅವರ ಕಿಸೆಯಲ್ಲಿ. ಅವರಿಗೇ ಹೇಳಿದೆ: ಶೈಲಿ ಸೊರಗಿದ ಹಾಗೆ ಕಂಡಳು, ಒಂದಿಷ್ಟು ರಕ್ತ ತೆಗೆದುಕೊಂಡು ಬರುತ್ತೇನೆ, ಎರಡು ಗಂಟೆಗೆ ಬರುತ್ತೇನೆ. 'ಬರ್ರಿ ಅಕ್ಕಾರ, ನಿಮ್ಮ ಮನಿ ಇದ್ದಂಗ' ಎಂದರು. ಚೀಲದಲ್ಲಿ ಸೂಜಿ, ಅರಳೆ, ನೇರಳೆ ಮುಚ್ಚಳದ ನಳಿಕೆ ಇಟ್ಟುಕೊಂಡೆ. ದಾರಿಯುದ್ದಕ್ಕೂ ನನ್ನ ಪುಕ್ಕಲು ಮನಸ್ಸು ನನಗೆ ಸಮಾಧಾನ ಹೇಳುತ್ತಿತ್ತು. ಏನೂ ಇರಲಿಕ್ಕಿಲ್ಲ, ನೀನು ಕಾದಂಬರಿ ಓದಿ ಕೆಟ್ಟಿದ್ದೀಯ. ಹೊಡೆತವಿಲ್ಲ, ಬಡಿತವಿಲ್ಲ, ಕುಡಿತವಿಲ್ಲ, ಅಂಥ ಗಂಡನ ಮೇಲೆ ಏನೆಂದು ದೂರುತ್ತೀಯ? ಉಗುರಿನ ಗೆರೆ ತೋರಿಸುತ್ತೀಯಾ? ಕೊಪ್ಪಳದಲ್ಲಿ ಬಸ್ಸು ಬದಲಿಸುವಾಗ ಗಂಗಾವತಿಯ ಬಸ್ಸೂ ಅಲ್ಲೇ ನಿಂತಿತ್ತು. ನಿಜ ಹೇಳುತ್ತೇನೆ, ಅದರ ಕಡೆ ಎರಡು ಹೆಜ್ಜೆ ಹಾಕಿದ್ದೆ.

ಕುಕನೂರಿನ ಮೇಲೆ ಯಲಬುರ್ಗಾಕ್ಕೆ ಹೋಗುವ ಬಸ್ಸು ಬೇಗ ಸಿಕ್ಕಿತು. ಹನ್ನೆರಡೂವರೆಗೆ ನಾನು ಅವರ ಮನೆಯ ಮುಂದಿದ್ದೆ. ಬಾಗಿಲಿಗೆ ಹೊರಗಿನಿಂದ ಬೀಗ.

ಎಲ್ಲಿಗೋ ಹೋಗಿರಬೇಕು ಎಂದುಕೊಂಡು ಕಟ್ಟೆಯ ಮೇಲೆ ಕುಳಿತೆ. ಕಿಟಕಿಯ ಬಾಗಿಲುಗಳೂ ಮುಚ್ಚಿದ್ದವು. ಓಣಿಯಲ್ಲಿ ಒಂದು ನಾಯಿಯೂ ಇಲ್ಲದ ಮಧ್ಯಾಹ್ನ. ಸುಮ್ಮನೆ, ಕುಳಿತಲ್ಲಿಂದಲೇ, 'ಶೈಲೀ' ಎಂದು ಕರೆದೆ. ಬೀಗ ಹಾಕಿದ ಮನೆಯನ್ನು ಯಾಕೆ ಕರೆದೆನೋ ನನಗೇ ಗೊತ್ತಿಲ್ಲ. ಏನೂ ಇಲ್ಲ. ಎದ್ದು ಬಾಗಿಲಿಗೆ ಬಾಯಿ ಹತ್ತಿರ ತಂದು ಇನ್ನೊಮ್ಮೆ ಕರೆದೆ. ಏನೂ ಇಲ್ಲ. ಮೂರನೆಯ ಸಲ ಕರೆದಾಗ ಕದದ ಆಚೆ ಬದಿಯಿಂದ, ನನ್ನ ಮುಖದ ಎದುರಿಗೇ, 'ಓ' ಎಂದು ಕೇಳಿಸಿತು.

ಮೊದಲ ಕರೆಗೇ ಓಡಿ ಬರುತ್ತಿದ್ದ ಹುಡುಗಿ ಕದದ ಹಿಂದೆಯೇ ನಿಂತು ಮೂರನೆಯ ಕರೆಗೆ ಕಾದಿದ್ದಳು. 'ಅಕ್ಕಾ, ಕೀಲಿ ಅವರ ಹತ್ರ ಐತಿ' ಎಂದಳು, ಅಷ್ಟೇ. ನಾನು ಏನು ಕೇಳಬೇಕೋ ತಿಳಿಯದೆ, ಊಟ ಆಯಿತೇ ಎಂದು ಕೇಳಿದೆ.

ಸ್ವಲ್ಪ ಹೊತ್ತಿಗೆ ಪ್ರಭುರಾಜ ಅವರ ಸ್ಕೂಟರ್ ಬಂತು. ನನ್ನನ್ನು ಕಂಡು ಒಂದು ಕ್ಷಣ ನಿಂತರು, ಕೂಡಲೇ ನಕ್ಕರು. ಲಗೂನ ಬಂದ್ರಿ ಅಕ್ಕಾರ, ಬಿಸಿಲಾಗ ಕುಂತ್ರಿ, ಈ ಓಣಿಯಾಗ ಕಳ್ಳರ ಕಾಟ ಭಾಳ ನೋಡ್ರಿ, ಅದಕ್ಕ ಕೀಲಿ ಹಾಕಿರತೀನಿ ಎಂದರು. ಕಿಸೆಯಿಂದ ಕೀಲಿ ತೆಗೆದು, ಬಾಗಿಲು ತೆರೆದು, ಬದಿಗೆ ಸರಿದು ಕೈ ಚಾಚಿ, 'ಬರ್ರಿ, ಬರ್ರಿ' ಎಂದರು. ನಾನು ಯಾವತ್ತೂ ಅನ್ನುವ ಹಾಗೆಯೇ ಅಂದರು. ಅವರ ದನಿಯಲ್ಲಿ ಒಂದು ಒರಟು ಅಕ್ಷರವೂ ಇರಲಿಲ್ಲ.

ಹೇಗಿದ್ದೀ ಎಂದು ನಾನು ಶೈಲಿಯನ್ನು ಕೇಳಿದರೆ ಆರಾಮ ಅದಾಳ್ರಿ ಎಂದು ಅವರು ಹೇಳಿದರು. ರಾತ್ರಿ ಊಟ ಮಾಡುತ್ತೀಯಾ ಎಂದರೆ, ಬಿಡಿಸೇನ್ರಿ, ಮೈ ಹಗುರ ಇರತೈತಿ ಎಂದು ಅವರು ಹೇಳಿದರು. ಮುಖ ತೊಳೆಯುವ ನೆಪದಲ್ಲಿ ಎದ್ದೆ. ಗೋಡೆಯ ಮೇಲೆ ಕನ್ನಡಿ ಇತ್ತು, ಅವರ ಎತ್ತರಕ್ಕೆ ಮೊಳೆ ಹೊಡೆದು ಹಾಕಿದ್ದು. ಶೈಲಿ ನನಗಿಂತ ಎರಡು ಬೆರಳು ಗಿಡ್ಡ. ನಾನು ಹೋಗಿ ನಿಂತರೆ ಅದರಲ್ಲಿ ನನ್ನ ಬೈತಲೆ ಮಾತ್ರ ಕಂಡಿತು. ಆರು ವರ್ಷದಿಂದ ನನ್ನ ತಂಗಿ ಈ ಮನೆಯ ಕನ್ನಡಿಯಲ್ಲಿ ಇಲ್ಲ ಎಂದು ಆಗ ಹೊಳೆಯಿತು. ಕಾದಂಬರಿ ಓದಿ ಕೆಟ್ಟಿದ್ದೀಯ ಎಂದು ಹೇಳುತ್ತಿದ್ದ ಮನಸ್ಸು ಆಮೇಲೆ ಮಾತಾಡಲಿಲ್ಲ.

ಹಿಂತಿರುಗಿ ಬಂದು ಚೀಲ ಬಿಚ್ಚಿದೆ. ಶೈಲಿಯ ತೋಳಿಗೆ ಪಟ್ಟಿ ಕಟ್ಟಿದೆ. ನರ ಹುಡುಕಬೇಕಾಯಿತು. ಪ್ರಭುರಾಜ ಅವರು ನನ್ನ ಹೆಗಲ ಹಿಂದೆಯೇ ಬಂದು ನಿಂತಿದ್ದರು. ಅವರ ಉಸಿರು ನನ್ನ ಕಿವಿಗೆ ತಾಕುತ್ತಿತ್ತು. ಏನು ಮಾಡಲಿ, ತಂಗಿಯ ಜೊತೆ ಒಂದು ಮಾತು ಆಡುವುದು ಹೇಗೆ ಎಂದು ನನಗೆ ಏನೂ ತೋಚಿರಲಿಲ್ಲ. ಯಾವ ಉಪಾಯವನ್ನೂ ಮಾಡಿಕೊಂಡು ಬಂದವಳಲ್ಲ ನಾನು. ಆದರೆ ಕೈಯಲ್ಲಿ ಸೂಜಿ ಇತ್ತು, ಮತ್ತು ಸೂಜಿ ಹಿಡಿದಾಗ ದಿನಕ್ಕೆ ಐವತ್ತು ಸಲ ನನ್ನ ಬಾಯಿಂದ ಬರುವ ಮಾತು ತಾನಾಗಿ ಬಂದುಬಿಟ್ಟಿತು.

'ರಕ್ತ ತಗೊಳ್ಳೋ ಮುಂದ ಮನಿಯವರು ಹೊರಗ ನಿಂದರಬೇಕ್ರಿ. ನೋಡಿ ತಲಿ ತಿರುಗಿ ಬೀಳ್ತಾರ.'

ಲ್ಯಾಬಿನಲ್ಲಿ ಹೇಳುವ ಅದೇ ದನಿ, ಅದೇ ಒಣ ರಾಗ. ಎಂಥೆಂಥ ಗೌಡರು, ಸಾಹುಕಾರರು ಆ ಮಾತಿಗೆ ತೆಪ್ಪಗೆ ಎದ್ದು ಹೋಗುವುದನ್ನು ನೋಡಿದ್ದೇನೆ. ಪ್ರಭುರಾಜ ಅವರೂ ಹೋದರು. ಸೌಜನ್ಯದ ಮನುಷ್ಯ ಅಲ್ಲವೇ. ಹೊಸ್ತಿಲು ದಾಟಿ, ಮೆಟ್ಟಿಲ ಮೇಲೆ, ನಮಗೆ ಬೆನ್ನು ಮಾಡಿ ಬಿಸಿಲಲ್ಲಿ ನಿಂತರು.

ನಳಿಕೆಗೆ ರಕ್ತ ಬಂತು. ದಿನವೂ ನೋಡುವವಳಿಗೆ ಬಣ್ಣದಲ್ಲೇ ಅಂದಾಜು ಸಿಗುತ್ತದೆ. ಸೂಜಿ ತೆಗೆದು ಅರಳೆ ಒತ್ತಿ ಹಿಡಿದೆ. ಪುಸ್ತಕ ಓದಿದೆ ಎಂದು ಪಿಸುದನಿಯಲ್ಲಿ ಹೇಳಿದೆ. ಶೈಲಿ ತಲೆ ಎತ್ತಿ ನನ್ನ ಮುಖ ನೋಡಿದಳು.

'ಹೆಂಗೈತಿ?' ಎಂದಳು.

ಭಾಷೆ ಚೆನ್ನಾಗಿದೆ, ನಡುವೆ ಸ್ವಲ್ಪ ಎಳೆದಿದ್ದಾರೆ, ಮುಕ್ತಾಯ ಸರಿಯಿಲ್ಲ ಎಂದೆಲ್ಲ ಮಗಳಿಗೆ ಹೇಳಲು ಕೂಡಿಸಿಟ್ಟುಕೊಂಡಿದ್ದೆ. ಒಂದೂ ನೆನಪಾಗಲಿಲ್ಲ.

'ಭಾಳ ಅಂಜಿಕಿ ಬಂತ ಶೈಲಿ,' ಎಂದೆ.

'ನನಗೂ ಅಕ್ಕಾ,' ಎಂದಳು. 'ದಿನಾ ಬರತೈತಿ.'

ನಿನ್ನನ್ನು ಒಳಗೆ ಕಳಿಸಿದವಳು ನಾನು, ಎಂದು ಹೇಳಬೇಕೆಂದಿದ್ದೆ. ನಡಿ, ಎಂದೆ. ಅವಳು ಒಳಗೆ ಹೋಗಿ ಒಂದು ಕೈಚೀಲದಲ್ಲಿ ಎರಡು ಸೀರೆ ತುರುಕುವ ಸದ್ದು ಕೇಳಿಸಿತು. ನಾನು ನಳಿಕೆಯ ಮೇಲೆ ಅವಳ ಹೆಸರು ಬರೆದೆ.

ಹೊರಗಿನಿಂದ ಪ್ರಭುರಾಜ ಅವರ ದನಿ ಬಂತು. 'ಆತೇನ್ರಿ ಅಕ್ಕಾರ? ಒಳಗ ಬರ್ಲೇನ್ರಿ?'

ನಲವತ್ತೈದು ವರ್ಷದ ರೂಢಿ. ಬರ್ರಿ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ನುಂಗಿದೆ. ಅವರದೇ ಮನೆ, ಅವರದೇ ಹೊಸ್ತಿಲು. ಅವರು ಮೆಟ್ಟಿಲ ಮೇಲೆ ಉತ್ತರಕ್ಕೆ ಕಾಯುತ್ತ ನಿಂತೇ ಇದ್ದರು. ಶೈಲಿ ಬಂದು ನನ್ನ ಪಕ್ಕ ನಿಂತಳು, ತೋಳಿಗೆ ಅರಳೆ ಅಂಟಿಕೊಂಡೇ ಇತ್ತು. ಇಬ್ಬರೂ ಬಾಗಿಲಿಗೆ ಬಂದೆವು.

ರಕ್ತ ತೀರಾ ಕಡಿಮೆಯಿದೆ, ಗಂಗಾವತಿಗೆ ಕರೆದುಕೊಂಡು ಹೋಗುತ್ತೇನೆ ಎಂದು ನಾನು ಅವರ ಅಂಗಿಯ ಗುಂಡಿ ನೋಡುತ್ತ ಹೇಳಿದೆ. ಮುಖ ನೋಡುವ ಧೈರ್ಯ ಇರಲಿಲ್ಲ. ಅವರು ನಕ್ಕರು. ನಿಮಗ್ಯಾಕ ತ್ರಾಸ್ರಿ ಅಕ್ಕಾರ, ನಾಳೆ ನಾನ ಕರಕೊಂಡು ಬರ್ತೀನಿ ಎಂದರು. ಆಮೇಲೆ ಅದೇ ಮೆತ್ತಗಿನ ದನಿಯಲ್ಲಿ, 'ಶೈಲಾ, ಒಳಗ ನಡಿ' ಎಂದರು.

ಶೈಲಿಯ ಕೈ ನನ್ನ ಕೈಯಲ್ಲಿತ್ತು. ಅವಳ ಹೆಬ್ಬೆರಳಿನ ಉಗುರು ನನ್ನ ಅಂಗೈಗೆ ಇಳಿಯಿತು, ಚಿಕ್ಕಂದಿನಲ್ಲಿ ಇಳಿದ ಹಾಗೆಯೇ. ಅವಳು ಬಗ್ಗಿ ಚಪ್ಪಲಿ ಮೆಟ್ಟಿಕೊಂಡಳು. ಹೊಸ್ತಿಲು ದಾಟಿದಳು. ಅವರ ಪಕ್ಕದಿಂದಲೇ ಮೆಟ್ಟಿಲು ಇಳಿದು, ಬಿಸಿಲಿಗೆ ಬಂದು, ತಿರುಗಿ ನಿಂತಳು. ತುಟಿ ಬಿಳಿಚಿತ್ತು, ಮಾತು ಮಾತ್ರ ಓಣಿಗೆಲ್ಲ ಕೇಳಿಸುವಷ್ಟು ಗಟ್ಟಿಯಾಗಿ ಬಂತು.

'ಹೋಗ್ತೀನ್ರಿ' ಎಂದಳು.